ಜಟಕಾ ಆವುಲಪ್ಪ ಫ್ರಾನ್ಸಿನ ಪರ ನಿಂತದ್ದು

ಹೊಸೂರು ಬಸ್ ಸ್ಟ್ಯಾಂಡಿನಿಂದ ಮತ್ತಿಗಿರಿಗೆ ಜಟಕಾ ಓಡಿಸುತ್ತಿದ್ದ ಆವುಲಪ್ಪನಿಗೆ ಯಾರ ಮೇಲೂ ಹಗೆಯಿರಲಿಲ್ಲ. ಇಂಗ್ಲೆಂಡಿನ ಮೇಲಂತೂ ಇರಲೇ ಇಲ್ಲ. ಆದರೂ ಎಪ್ಪತ್ತೆಂಟನೇ ಇಸವಿಯಲ್ಲಿ ಅವನು ಫ್ರಾನ್ಸಿನ ವೀರನಾಗಿ ಇಂಗ್ಲಿಷರ ಮೇಲೆ ಏರಿಹೋಗಬೇಕಾಯಿತು.

ಕಾರಣ, ಮತ್ತಿಗಿರಿಯ ಶಾಲೆಯೊಂದರಲ್ಲಿ ಚರಿತ್ರೆ ಹೇಳುತ್ತಿದ್ದ ದ್ವಾರಕಾನಾಥ ಮೇಷ್ಟ್ರು. ಹಿಂದಿನ ಕಾಲದಲ್ಲಿ ಆ ಎರಡು ದೇಶಗಳ ವೀರರು ಕುದುರೆಯೇರಿ, ಉದ್ದನೆಯ ಈಟಿ ಹಿಡಿದು ಎದುರುಬದುರು ನುಗ್ಗಿ ಒಬ್ಬರನ್ನೊಬ್ಬರು ಕೆಡವುತ್ತಿದ್ದರಂತೆ. ವಾರ್ಷಿಕೋತ್ಸವದಲ್ಲಿ ಅದನ್ನೇ ತೋರಿಸಬೇಕೆಂದು ಅವರಿಗೆ ಹಟ. ಕುದುರೆಯಿದ್ದದ್ದು ಜಟಕಾದವರ ಹತ್ತಿರ ಮಾತ್ರ. ಇಂಗ್ಲೆಂಡಿಗೆ ಇನ್ನೊಬ್ಬ ಜಟಕಾದವನು, ಲಕ್ಷ್ಮಣಪ್ಪ, ಆಗಲೇ ಒಪ್ಪಿದ್ದ.

“ನೀನು ಫ್ರಾನ್ಸು. ಕೊನೇಲಿ ಬಿದ್ದುಬಿಡ್ಬೇಕು,” ಎಂದರು ಮೇಷ್ಟ್ರು.

“ಬೀಳೋದಾ? ನಮ್ಮ ಭಾಗ್ಯಮ್ಮನ ತೌರಿನೋರೆಲ್ಲ ಬತ್ತಾರೆ ಸಾರ್. ಹೆಂಡ್ತಿ ಕಡೆಯೋರ ಮುಂದೆ ಬೀಳಾಕಾಯ್ತದಾ?”

“ಚರಿತ್ರೇಲಿ ಹಾಗೇ ಇದೆಯಪ್ಪ, ನಾನೇನು ಮಾಡ್ಲಿ?”

ವಾರ್ಷಿಕೋತ್ಸವದ ದಿನ ಆವುಲಪ್ಪ ಎಣ್ಣೆ ಡಬ್ಬದ ತಗಡಿನ ಕವಚ ತೊಟ್ಟ. ಆದರೆ ಗಾಡಿ ಕಳಚಿದರೆ ಅವನ ಕುದುರೆ ಹೆಜ್ಜೆ ಎತ್ತಲೊಲ್ಲದು. ಗಾಡಿ ಕಟ್ಟಿಕೊಂಡ ವೀರರೂ ಇದ್ದಿರಬಹುದೆಂದು ಮೇಷ್ಟ್ರು ಸಮಾಧಾನ ಮಾಡಿಕೊಂಡರು. ಗಾಡಿ ನಿಂತದ್ದು ಕಂಡು, ಮೊಮ್ಮಗಳ ಕುಣಿತ ನೋಡಿ ಬಸ್ ಸ್ಟ್ಯಾಂಡಿಗೆ ಹೊರಟಿದ್ದ ಕಾಮಾಕ್ಷಮ್ಮ ಎಂಬ ಮುದುಕಿ ಹಿಂದಿನಿಂದ ಹತ್ತಿ ಕೂತರು. ತಲೆಗೆ ಮಗುಚಿದ ಡಬ್ಬದೊಳಗಿಂದ ಆವುಲಪ್ಪನಿಗೆ ಅದು ಕಾಣಲಿಲ್ಲ.

ಮೇಷ್ಟ್ರು ಸೀಟಿ ಊದಿದರು. ಎರಡೂ ಕುದುರೆ ಹೊರಟವು. ಲಕ್ಷ್ಮಣಪ್ಪ ಬಿದಿರಿನ ಈಟಿ ಎತ್ತಿದ್ದೇ ತಡ, ಯಾರೋ ಕೈಯೆತ್ತಿ ಗಾಡಿ ಕರೆಯುತ್ತಿದ್ದಾರೆಂದು ಆವುಲಪ್ಪನ ಕುದುರೆ ಗಕ್ಕನೆ ನಿಂತಿತು. ಈಟಿ ಅವನ ಪಕ್ಕೆಯ ಬದಿಯಲ್ಲಿ ತೂರಿ ಗಾಡಿಯೊಳಗೆ ಹೋಯಿತು.

“ಯಾವನೋ ಅವನು, ಹೆಂಗಸರು ಕೂತಿರೋ ಗಾಡಿಗೆ ಕೋಲು ಹಾಕೋನು?” ಕಾಮಾಕ್ಷಮ್ಮ ಬಿದಿರನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ಇಂಗ್ಲೆಂಡ್ ನೆಲಕ್ಕೆ ಬಿತ್ತು.

ಭಾಗ್ಯಮ್ಮನ ತೌರಿನವರು ಶಿಳ್ಳೆ ಹೊಡೆದರು. ಮೇಷ್ಟ್ರು ಓಡಿಬಂದರು. “ಇನ್ನೊಂದ್ಸಲ ಆಗ್ಲಿ! ಚರಿತ್ರೆಯೇ ಕೆಟ್ಟುಹೋಯ್ತು!”

“ಅಮ್ಮನ್ನ ಬಸ್ ಸ್ಟ್ಯಾಂಡಿಗೆ ಬಿಟ್‌ಬತ್ತೀನಿ ಸಾರ್, ಆಮೇಲೆ ಬೀಳ್ತೀನಿ.”

ಬಸ್ ಸ್ಟ್ಯಾಂಡಿನಲ್ಲಿ ಆ ವೇಷಕ್ಕೆ ಜನ ಮುತ್ತಿ, ಸವಾರಿಯ ಮೇಲೆ ಸವಾರಿ ಸಿಕ್ಕಿತು. ಅವನು ಹಿಂದಿರುಗುವಷ್ಟರಲ್ಲಿ ಶಾಮಿಯಾನ ಬಿಚ್ಚಿಯಾಗಿತ್ತು. ಖಾಲಿ ಮೈದಾನದಲ್ಲಿ ಮೇಷ್ಟ್ರೊಬ್ಬರೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಆವುಲಪ್ಪನಿಗೆ ಪಾಪ ಅನ್ನಿಸಿತು. ಗಾಡಿಯಿಂದಿಳಿದು, ತಗಡೆಲ್ಲ ಸದ್ದು ಮಾಡುವಂತೆ ಅಂಗಾತ ಬಿದ್ದ.

“ಸರಿಯಾ ಸಾರ್?”

“ಸ್ವಲ್ಪ ಎಡಕ್ಕೆ,” ಎಂದರು ಮೇಷ್ಟ್ರು.

ಮುಂದೆ ಆಟೋಗಳು ಬಂದು ಜಟಕಾ ನಿಂತಿತು. ಕಾರ್ಖಾನೆಯೊಂದರ ಗೇಟಿನೆದುರು ಟೀ ಅಂಗಡಿ ಇಟ್ಟ ಆವುಲಪ್ಪ, ಶಿಫ್ಟ್ ಬಿಟ್ಟು ಬಂದವರಿಗೆಲ್ಲ ಈ ಕಾಳಗ ಬಣ್ಣಿಸುತ್ತಿದ್ದ. ಸಂಜೆ ಮೈದಾನದಲ್ಲಿ ಬಿದ್ದದ್ದನ್ನು ಮಾತ್ರ ಭಾಗ್ಯಮ್ಮನಿಗೂ ಹೇಳಲಿಲ್ಲ.