ಒಳಗ ಯಾರರ ಅದೀರೇನ್ರಿ?

ಹೊಸಪೇಟೆಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಕಟ್ಟಿಗೆ ರಾಶಿಗೆ ಕೈ ಹಾಕುವ ಮುನ್ನ ಊದುಗೊಳವೆಯಿಂದ ಅದನ್ನು ತಟ್ಟಿ, "ಒಳಗ ಯಾರರ ಅದೀರೇನ್ರಿ?" ಎಂದು ಕೇಳುತ್ತಿದ್ದಳು. ಬೀಗರ ಮನೆಯ ಬಾಗಿಲಲ್ಲಿ ನಿಂತವಳ ಹಾಗೆ ದನಿ ಮೆತ್ತಗಿರುತ್ತಿತ್ತು. ಮದರಾಸಿನಲ್ಲಿ ಓದಿ ಬಂದು ಶಾಲೆಯಲ್ಲಿ ಮಾಸ್ತರನಾಗಿದ್ದ ನಾನೂ ನನ್ನ ಹೆಂಡತಿಯೂ ನಗುತ್ತಿದ್ದೆವು.

ಒಂದು ಬೆಳಿಗ್ಗೆ ಅಡುಗೆಮನೆಯ ಮೋರಿ ಕಟ್ಟಿಕೊಂಡು ಗಂಜಿನೀರು ಒಲೆಯತನಕ ಬಂತು. ಹೆಂಡತಿ ನನ್ನೊಂದಿಗೆ ಹಿತ್ತಲಿಗೆ ಬಂದು, ಗೋಡೆಯ ಬುಡದಲ್ಲಿದ್ದ ಮೋರಿಯ ಬಾಯಿಗೆ ಕೈ ಹಾಕುವುದರಲ್ಲಿದ್ದಳು. ಅಜ್ಜಿ ಓಡಿಬಂದು ಅವಳ ಮಣಿಕಟ್ಟು ಹಿಡಿದಳು.

"ಕೇಳದ ಕೈ ಹಾಕಬ್ಯಾಡವ್ವಾ."

"ಮೋರಿಯೊಳಗ ಯಾರಿರ್ತಾರ ಅಜ್ಜಿ?" ಎಂದು ಹೆಂಡತಿ ನಕ್ಕಳು.

ಅಜ್ಜಿ ಊದುಗೊಳವೆಯಿಂದ ತಟ್ಟಿ ತನ್ನ ಪ್ರಶ್ನೆ ಕೇಳಿದಳು. ಮತ್ತೆ ತಟ್ಟಿದಳು. ನಾಗರಹಾವೊಂದು ನಿಧಾನವಾಗಿ ಹೊರಬಂದು, ಹೆಂಡತಿಯ ಪಾದದ ಪಕ್ಕದಲ್ಲೇ ಹರಿದು ಕಾಲುವೆಯ ಕಡೆಗೆ ಹೋಯಿತು. ಆ ಪಾದ ಅಲುಗದಂತೆ ಅಜ್ಜಿ ಅದನ್ನು ತನ್ನ ಪಾದದಿಂದ ಒತ್ತಿ ಹಿಡಿದಿದ್ದಳು.

"ಹೋಗ್ರಿ, ಮತ್ತ ಬರಬ್ಯಾಡ್ರಿ," ಎಂದಳು ಹಾವಿಗೆ.

ಆಮೇಲೆ ಬಿದಿರಿನ ಕಡ್ಡಿ ಆಡಿಸಿ ನೋಡಿ, ಮೊಣಕೈತನಕ ತೋಳು ತೂರಿಸಿ, ಬೂದಿ, ಅನ್ನ, ತೆಂಗಿನ ನಾರು ಸೇರಿ ಗಟ್ಟಿಯಾಗಿದ್ದ ಮುದ್ದೆಯನ್ನು ಎಳೆದಳು. ನೀರು ಭರ್ರನೆ ಹರಿಯಿತು.

"ಜಿಡ್ಡು ಕರಗಬೇಕು. ಕುದಿಯೋ ನೀರು ತರ್ರಿ ಮಾಸ್ತರ."

ನಾನು ಹಾವು ಹೋದ ದಾರಿಯನ್ನೇ ನೋಡುತ್ತ ನಿಂತಿದ್ದೆ. ಕೊನೆಗೆ ಅಜ್ಜಿಯೇ ತಂದು ಹೊಯ್ದಳು.

ಅಜ್ಜಿ ಈಗಿಲ್ಲ. ಹೆಂಡತಿ ಮೋರಿಯ ಬಳಿ ಬಗ್ಗಿದಾಗಲೆಲ್ಲ ಇಂದಿಗೂ ನಾನು ಪಕ್ಕಕ್ಕೆ ಬಂದು ನಿಲ್ಲುತ್ತೇನೆ. ಅವಳು ಮೊದಲು ತಟ್ಟಿ, ಅದೇ ಮೆತ್ತನೆಯ ದನಿಯಲ್ಲಿ ಕೇಳುತ್ತಾಳೆ. ಇಬ್ಬರೂ ಉಸಿರು ಹಿಡಿದು ಉತ್ತರಕ್ಕೆ ಕಾಯುತ್ತೇವೆ.