ಮಾಸ್ತರು ಮರಳಿ ಬಂದ ಅಧ್ಯಾಯ

ನಮ್ಮವ್ವನಿಗೆ ಕನ್ನಡ ಓದಲು ಬರುವುದಿಲ್ಲ. ಹೇಳಿದರೆ ಜನ ನಂಬುವುದಿಲ್ಲ, ಏಕೆಂದರೆ ಆಕೆ ಬೈಯುವುದು, ಹಾಡುವುದು, ದೇವರೊಡನೆ ಜಗಳವಾಡುವುದು ಎಲ್ಲ ಕನ್ನಡದಲ್ಲೇ. ಆದರೆ ಆಕೆಯ ತವರು ಸೊಲ್ಲಾಪುರ. ಮನೆಯ ಮಾತು ಕನ್ನಡ, ಕಲಿತ ಶಾಲೆ ಮರಾಠಿ. ಮದುವೆಯಾಗಿ ಹೈದರಾಬಾದಿಗೆ ಬಂದ ಮೇಲೆ ಬಸ್ಸಿನ ನಂಬರು ಗುರುತು ಹಿಡಿಯುವುದನ್ನು ಕಲಿತಳು, ಅಕ್ಷರದ ತಂಟೆಗೆ ಮತ್ತೆ ಹೋಗಲಿಲ್ಲ.

ಹಾಗಾಗಿ ಅಪ್ಪ ಆಕೆಗೆ ಓದಿ ಹೇಳುತ್ತಿದ್ದ. ಅಪ್ಪನಿಗೆ ನಾಚಾರಂನಲ್ಲಿ ಪಂಪಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಕೆಲಸ, ಅದರ ಹಿಂದಿನ ಓಣಿಯಲ್ಲೇ ಒಂದು ಕೋಣೆಯ ಮನೆ. ಒಂದು ಭಾನುವಾರ ಅಬಿಡ್ಸ್‌ನ ಫುಟ್‌ಪಾತಿನಲ್ಲಿ, ಬೇರೆ ಭಾಷೆಗಳ ಹಳೆಯ ಪುಸ್ತಕಗಳ ರಾಶಿಯೊಳಗೆ, ಅವನಿಗೆ ದಪ್ಪನೆಯ ಕನ್ನಡ ಕಾದಂಬರಿಯೊಂದು ಸಿಕ್ಕಿತು. ಕನ್ನಡ ಓದುವವರೆಲ್ಲ ಬಲ್ಲ ಕಾದಂಬರಿ ಅದು, ನಾನು ಹೆಸರು ಹೇಳಬೇಕಾಗಿಲ್ಲ. ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ಒಂದೊಂದು ಅಧ್ಯಾಯ. ಯಂತ್ರಗಳೆಲ್ಲ ನಿಂತು ಓಣಿ ಸುಮ್ಮನಾಗಿರುತ್ತಿತ್ತು. ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ ಕೇಳುತ್ತಿದ್ದಳು. ಕಿಟಕಿಯ ಬಿಸಿಲು ನೆಲದ ಮೇಲೆ ಮೆಲ್ಲಗೆ ಸರಿದು ಅಪ್ಪನ ಕಾಲ ಬೆರಳು ಮುಟ್ಟುವ ಹೊತ್ತಿಗೆ ಅಧ್ಯಾಯ ಮುಗಿಯುತ್ತಿತ್ತು. ಆಗ ನಾನಿನ್ನೂ ಹುಟ್ಟಿರಲಿಲ್ಲ. ಆದರೂ ಆ ಮಧ್ಯಾಹ್ನಗಳು ನನಗೆ ನೆನಪಿವೆ. ಅಷ್ಟು ಸಲ ಕೇಳಿದ್ದೇನೆ.

ಕತೆಯಲ್ಲಿ ಒಬ್ಬ ಬಡ ಮಾಸ್ತರು, ಅವರ ಎಳೆಯ ಹೆಂಡತಿ. ಊರಿಗೆ ಪ್ಲೇಗು ಬಂದಾಗ ಮಾಸ್ತರು ಔಷಧಿ ತರಲು ದೂರದ ಪೇಟೆಗೆ ನಡೆದು ಹೋಗುತ್ತಾರೆ. ಹೆಂಡತಿ ಕಾಯುತ್ತಾಳೆ. ಕಾಯುವುದರಲ್ಲೇ ಅರ್ಧ ಪುಸ್ತಕ ಮುಗಿಯುತ್ತದೆ. ಕೊನೆಗೆ ಮಾಸ್ತರು ಹೊಲಗಳ ದಾರಿಯಲ್ಲಿ ನಡೆದು ಬರುತ್ತಾರೆ ಎಂದು ಅವ್ವ ಹೇಳುತ್ತಿದ್ದಳು, ಹೇಳಿ ಒಂದು ನಿಟ್ಟುಸಿರು ಬಿಡುತ್ತಿದ್ದಳು. ಕಾಲೇಜಿಗೆ ಹೋಗುವಾಗ ನಾನೇ ಆ ಪುಸ್ತಕ ಓದಿದೆ. ಮಾಸ್ತರು ಬರುವುದಿಲ್ಲ. ಪೇಟೆಯಲ್ಲೇ ಪ್ಲೇಗಿಗೆ ತುತ್ತಾಗುತ್ತಾರೆ. ಊರಿಗೆ ಬರುವುದು ಸುದ್ದಿ ಮಾತ್ರ.

ಅಪ್ಪನನ್ನು ಕೇಳಿದೆ. ಕದ್ದು ಬೆಲ್ಲ ತಿಂದವನ ಹಾಗೆ ನಕ್ಕ.

“ನಿಮ್ಮವ್ವ ಆಗ ಹೊಸದಾಗಿ ಬಂದಾಕಿ. ಇಲ್ಲಿ ಭಾಷಾ ಬರಂಗಿಲ್ಲ, ಗುರ್ತಿನವರಿಲ್ಲ. ನಾ ಕೆಲಸದಿಂದ ಬರೂತನಾ ಬಾಗಲದಾಗ ಕುಂತಿರ್ತಿದ್ಲು. ಅಂಥಾಕಿ ಮುಂದ ಮಾಸ್ತರನ್ನ ಹೆಂಗ ಕೊಲ್ಲಲಿ? ಪುಸ್ತಕ ಹಿಡಕೊಂಡು ಓದಿದಂಗ ಮಾಡಿ ಬದುಕಿಸಿಬಿಟ್ಟೆ. ನೀ ಅಕಿಗೆ ಹೇಳಬ್ಯಾಡ ಮತ್ತ.”

ಹೇಳಲಿಲ್ಲ. ಅಪ್ಪ ತೀರಿಹೋದ ಮೇಲಂತೂ ಹೇಳುವ ಮಾತೇ ಇರಲಿಲ್ಲ.

ಆಮೇಲೆ ಸಿನಿಮಾದವರು ಬಂದರು. ಕೋಟಿಗಳಲ್ಲೇ ಮಾತಾಡುವ ಜನ. ಆ ಕಾದಂಬರಿಯನ್ನು ಕೊಂಡು, ಊರಾಚೆ ದೊಡ್ಡ ಸೆಟ್ ಹಾಕಿ, ನಾಲ್ಕಾರು ಭಾಷೆಗಳಲ್ಲಿ ಒಟ್ಟಿಗೆ ಬಿಡುಗಡೆ ಮಾಡಿದರು. ಈಗ ನಾನೂ ಅವ್ವನೂ ಇರುವ ಕೂಕಟ್‌ಪಲ್ಲಿಯ ಫ್ಲ್ಯಾಟಿನ ಬಾಲ್ಕನಿಯ ಎದುರಿಗೇ ನಾಯಕನ ಆಳೆತ್ತರದ ಮೀಸೆಯ ಹೋರ್ಡಿಂಗ್ ಎದ್ದು ನಿಂತಿತು. ಅದು ಮಾಸ್ತರ ಕತೆಯೆಂದು ಟೀವಿಯಲ್ಲಿ ಕೇಳಿದ್ದ ಅವ್ವ ಬಟ್ಟೆ ಒಣಗಿಸಲು ಹೋದವಳು ಒಳಗೆ ಬರಲೊಲ್ಲಳು. ನಾನು ಮೊಣಕಾಲಿನ ನೋವು ನೆನಪಿಸಿದೆ. ಎಸಿಯ ಚಳಿ ಅಂದೆ, ಕಿವಿ ಕಿತ್ತುಹೋಗುವ ಸದ್ದು ಅಂದೆ.

“ನಮ್ಮ ಮಾಸ್ತರು ಸಿನಿಮಾ ಆಗ್ಯಾರ, ನಾ ನೋಡಬಾರದೇನು? ನೀ ಬರದಿದ್ರ ಬಿಡವಾ, ಆಟೋ ಮಾಡಿ ನಾ ಒಬ್ಬಾಕೀನ ಹೋಗ್ತೀನಿ.”

ಒಬ್ಬಳನ್ನೇ ಆ ಕೊನೆಯ ದೃಶ್ಯದ ಬಾಯಿಗೆ ಕಳಿಸಲು ಮನಸ್ಸಾಗಲಿಲ್ಲ. ಕನ್ನಡದಲ್ಲಿ ಇದ್ದದ್ದು ಒಂದೇ ಆಟ, ಮಧ್ಯಾಹ್ನದ್ದು. ಟಿಕೆಟ್ ತೆಗೆದೆ. ಒಳ್ಳೆಯ ಪುಸ್ತಕವನ್ನು ಸಿನಿಮಾದವರು ಕೆಡಿಸುತ್ತಾರೆಂದು ಸದಾ ಗೊಣಗುವವಳು ನಾನು. ಅಂದು ಮಾತ್ರ, ಕೆಡಿಸಪ್ಪಾ, ಪೂರ್ತಿ ಕೆಡಿಸು, ಮಾಸ್ತರನ್ನು ಹೆಲಿಕಾಪ್ಟರಿನಲ್ಲಾದರೂ ಕರೆದುಕೊಂಡು ಬಾ ಎಂದು ನಿರ್ದೇಶಕನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಮೊದಲರ್ಧ ನನ್ನ ಪ್ರಾರ್ಥನೆ ಫಲಿಸುವಂತೆಯೇ ಕಂಡಿತು. ಮಾಸ್ತರರ ಮಣ್ಣಿನ ಮನೆ ಅರಮನೆಯಾಗಿತ್ತು. ಸೂರಿನಿಂದ ಗಾಜಿನ ದೀಪಗುಚ್ಛ ಇಳಿಬಿದ್ದಿತ್ತು. ಹೆಂಡತಿ ಬಾವಿಗೆ ನೀರಿಗೆ ಹೋಗುವಾಗಲೂ ಜರಿಯ ಸೀರೆ, ಆಕೆಯ ಮೇಲೆ ಎಲ್ಲಿಂದಲೋ ಹೂವಿನ ಮಳೆ. ಬಂಗಾರದ ಬಣ್ಣದ ಧೂಳಿನಲ್ಲಿ ಬಿಳಿಯ ಕುದುರೆಗಳು ಸದ್ದೇ ಇಲ್ಲದೆ, ನೀರಿನಲ್ಲಿ ಈಜುವಂತೆ, ಬಹಳ ಹೊತ್ತು ಓಡಿದವು. ಕಾದಂಬರಿಯಲ್ಲಿ ಕುದುರೆಯೇ ಇಲ್ಲ. ಆದರೂ ಕತ್ತಲಲ್ಲಿ ಕುಳಿತು ನೋಡನೋಡುತ್ತ ನನಗೂ ಮಂಪರು ಹತ್ತಿದಂತಾಯಿತು, ಯಾರದೋ ಕನಸಿನೊಳಗೆ ಟಿಕೆಟ್ ಕೊಟ್ಟು ಕುಳಿತಿದ್ದೆ. ಪಕ್ಕದಲ್ಲಿ ಅವ್ವ ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ಪರದೆಯ ಬೆಳಕು ಮುಖದ ಮೇಲೆ ಬಿದ್ದು ಸುಕ್ಕುಗಳೆಲ್ಲ ಅಳಿಸಿಹೋಗಿದ್ದವು. ಜೋಳ ಹಸನು ಮಾಡುತ್ತ ಕುಳಿತ ಹೊಸ ಮದುವೆಯ ಹೆಣ್ಣಿನ ಮುಖ ಹೀಗೇ ಇದ್ದಿರಬೇಕು.

ಮಧ್ಯಂತರದಲ್ಲಿ ಕೇಳಿದಳು: “ಮಾಸ್ತರು ಬರೂದು ಭಾಳ ಹೊತ್ತು ತೋರಸ್ತಾರೇನು?” ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೋ ಅಂದೆ.

ಎಲ್ಲ ಬದಲಿಸಿದ ಆ ಪುಣ್ಯಾತ್ಮರು ಸಾವೊಂದನ್ನು ಬದಲಿಸಲಿಲ್ಲ. ಬದಲಿಗೆ ದೊಡ್ಡದು ಮಾಡಿದರು. ಹೊಳೆಯ ತುಂಬ ದೀಪ ತೇಲಿಬಿಟ್ಟು, ನಗಾರಿ ಬಾರಿಸಿ, ಮಾಸ್ತರನ್ನು ಸುಟ್ಟರು. ಥಿಯೇಟರೆಲ್ಲ ಮೂಗು ಒರೆಸಿಕೊಂಡಿತು. ನಾನು ಪರದೆ ನೋಡಲಿಲ್ಲ, ಅವ್ವನನ್ನೇ ನೋಡುತ್ತಿದ್ದೆ. ಆಕೆ ಅಳಲಿಲ್ಲ. ಸೆರಗು ಹೊದ್ದುಕೊಂಡು ಕುಳಿತಿದ್ದಳು. ನನಗೆ ಭಯವಾಯಿತು. ಅಪ್ಪ ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದನ್ನು ನಾನು ಆಟೋ ಮಾಡಿಕೊಂಡು ಬಂದು ಕಳೆದೆನಲ್ಲ. ಈಗ ಆಕೆ ಕೇಳಿದರೆ ಉತ್ತರ ಹೇಳಲು ಅಪ್ಪ ಇಲ್ಲ.

ಹೊರಗೆ ಬಂದೆವು. ಬಿಸಿಲು ಇನ್ನೂ ಇತ್ತು. ಆಟೋ ಮೆಟ್ರೋ ಕಂಬಗಳ ಪಕ್ಕದಲ್ಲಿ ಸಾಗುವಾಗ ಅವ್ವನ ಮೇಲೆ ನೆರಳು ಬಿಸಿಲು, ನೆರಳು ಬಿಸಿಲು. ಮನೆ ಹತ್ತಿರವಾದಾಗ ನನ್ನ ಕಡೆ ತಿರುಗಿದಳು.

“ಸುಳ್ಳ ತೋರಿಸ್ಯಾರ.”

“ಏನವ್ವಾ?”

“ಪುಸ್ತಕದಾಗ ಹಂಗಿಲ್ಲ. ಮಾಸ್ತರು ಬರ್ತಾರ. ಅಷ್ಟು ರೊಕ್ಕಾ ಸುರದು, ಕುದರಿ ಕುಣಿಸಿ, ಮನಷ್ಯಾನ್ನ ಕೊಂದು ಇಟ್ಟಾರಲ್ಲ! ಇವರೇನು ಪುಸ್ತಕಾ ಓದ್ಯಾರೋ ಇಲ್ಲೋ?”

ನನಗೆ ನಗು ಬಂತು. ಆದರೆ ಅವ್ವ ಅಷ್ಟಕ್ಕೆ ಬಿಡಲಿಲ್ಲ. ಮನೆಗೆ ಬಂದು ಕಾಲು ತೊಳೆದವಳೇ ಹಾಸಿಗೆಯ ಮೇಲೆ ಕುಳಿತು, “ಪುಸ್ತಕಾ ತಗಿ. ಕಡೀ ಅಧ್ಯಾಯ ಓದು. ಆ ಹೆಣದ ಚಿತ್ರಾ ಕಣ್ಣಾಗಿಂದ ಹೋಗಲಿ” ಅಂದಳು.

ತೆಗೆದೆ. ಹಾಳೆಯ ಮೇಲೆ ಸುದ್ದಿ ತಂದವನು ಅಂಗಳದಲ್ಲಿ ತಲೆ ತಗ್ಗಿಸಿ ನಿಂತಿದ್ದ. ನನ್ನ ಬಾಯಿ, “ಸಂಜೆಯಾಗಿತ್ತು. ದೂರದಲ್ಲಿ ಯಾರೋ ಬರುವುದು ಕಾಣಿಸಿತು” ಅಂದಿತು. ಓದುವ ದನಿಯೇ ಬೇರೆ, ಕಟ್ಟಿ ಹೇಳುವ ದನಿಯೇ ಬೇರೆ. ಅಪ್ಪ ಅದನ್ನು ಹೇಗೆ ನಿಭಾಯಿಸಿದನೋ. ಗಡಿಬಿಡಿಯಲ್ಲಿ ಮಾಸ್ತರನ್ನು ಗಾಡಿಯಲ್ಲಿ ಕೂರಿಸಿದೆ. “ಗಾಡಿ ಎಲ್ಲೀದು? ನಡಕೋತ ಬರ್ತಾರ, ನೆಟ್ಟಗ ಓದು” ಎಂದಳು. ಇಳಿಸಿ ನಡೆಸಿದೆ. ಹೆಂಡತಿಯನ್ನು ಓಡಿಸಿ ಅವರ ಕಾಲಿಗೆ ಬೀಳಿಸಿದೆ. “ಓಡಂಗಿಲ್ಲ. ಅಕಿಗೆ ಏಳಾಕ ಆಗಂಗಿಲ್ಲ, ಹೊಸ್ತಿಲದ ಮ್ಯಾಲ ಕುಂತಬಿಟ್ಟಿರ್ತಾಳ.” ಕೂರಿಸಿದೆ. ಮಾಸ್ತರು ಬಾಗಿಲಿಗೆ ಬಂದು ನಿಂತರು. ಅಲ್ಲಿ ನನ್ನ ಕತೆ ನಿಂತುಹೋಯಿತು. ಅವರು ಏನು ಮಾತಾಡುತ್ತಾರೋ ನನಗೆ ಗೊತ್ತಿರಲಿಲ್ಲ. ಅಪ್ಪ ಅದನ್ನು ನನಗೆ ಹೇಳಿರಲಿಲ್ಲ.

ಅವ್ವ ಕಣ್ಣು ಮುಚ್ಚಿದ್ದಳು.

“‘ಇನ್ನೂ ಉಣ್ಣದ ಕುಂತೀಯೇನು?’ ಅಂತಾರ,” ಎಂದಳು. “ಅದ ಐತಿಲ್ಲ ಅಲ್ಲಿ?”

ಕಾರ್ಖಾನೆಯಿಂದ ಬಂದು, ಬೂಟು ಬಿಚ್ಚುವ ಮೊದಲೇ, ಅಪ್ಪ ದಿನಾ ಸಂಜೆ ಕೇಳುತ್ತಿದ್ದ ಮಾತು ಅದು. ನನ್ನ ಬಾಲ್ಯದ ಒಂದು ಸಂಜೆಯೂ ಆ ಮಾತಿಲ್ಲದೆ ಮುಗಿದದ್ದಿಲ್ಲ. ಅಕ್ಷರಗಳು ಕಲಸಿಕೊಂಡವು. ಸುದ್ದಿ ತಂದವನೂ ಕಾಣಿಸಲಿಲ್ಲ.

“ಹೌದವ್ವಾ,” ಎಂದೆ. “ಅದ ಐತಿ.”

“ಮತ್ತ ಆ ಸಿನಿಮಾದವರಿಗೆ ಇಷ್ಟ ಓದಾಕ ಬರಲಿಲ್ಲೇನು?” ಎಂದು ಅವ್ವ ಗೋಡೆಯ ಕಡೆ ಹೊರಳಿ ಮಲಗಿದಳು.