ನೂರು, ಫುಲ್ ಡ್ಯೂಪ್ಲೆಕ್ಸ್, ಮತ್ತು ನಮ್ಮ ಆಪಾ

ರೇಷ್ಮೆಗೂಡು ಬೇಯಿಸುವ ವಾಸನೆಗೆ ಹೊರಗಿನಿಂದ ಬಂದವರು ಮೂಗು ಮುಚ್ಚಿಕೊಳ್ಳುತ್ತಾರೆ. ಮೊನ್ನೆ ರಾಮನಗರದ ಹಳೇ ಬೀದಿಯೊಂದರಲ್ಲಿ ಗೂಡಿನಿಂದ ನೂಲು ಬಿಚ್ಚುವ ರೀಲಿಂಗ್ ಮನೆಯ ಮುಂದೆ ಹೋಗುವಾಗ ಅದೇ ವಾಸನೆ ಬಂತು. ನಾನು ಮಾತ್ರ ನಿಂತು ಎದೆ ತುಂಬ ಎಳೆದುಕೊಂಡೆ. ಜೊತೆಗಿದ್ದ ನಮ್ಮ ಯಜಮಾನರು ನನಗೇನೋ ಆಗಿದೆ ಎಂಬಂತೆ ನೋಡಿದರು. ಅವರಿಗೇನು ಗೊತ್ತು... ನನ್ನ ಮಟ್ಟಿಗೆ ಅದು ಕಂಪ್ಯೂಟರ್ ಲ್ಯಾಬಿನ ವಾಸನೆ.

ನಮ್ಮ ತರಬೇತಿ ಕೇಂದ್ರ ಇದ್ದದ್ದು ಅಂಥದೇ ಒಂದು ರೀಲಿಂಗ್ ಮನೆಯ ಮಹಡಿಯಲ್ಲಿ. ನಾನು ಕೂಟಗಲ್ಲಿನಿಂದ ಬಸ್ಸಿನಲ್ಲಿ ಬಂದು ಅಲ್ಲಿ ಪಾಠ ಹೇಳುತ್ತಿದ್ದೆ. ಲ್ಯಾಬ್ ನೋಡಿಕೊಳ್ಳುತ್ತಿದ್ದವರು ಆಪಾ. ಐವತ್ತರ ಹತ್ತಿರದ, ನೂಲು ಬಿಚ್ಚುವ ಮನೆತನದ ಹೆಂಗಸು. ಯಾರ ಮನೆಯ ಮಕ್ಕಳಾದರೂ ಅವರನ್ನು ಆಪಾ ಎಂದೇ ಕರೆಯುತ್ತಿದ್ದರು, ಅಕ್ಕ ಅನ್ನುವ ಹಾಗೆ.

ಯಾವುದನ್ನೂ ಅದರ ಪಾಡಿಗೆ ಬಿಡುವ ಜಾಯಮಾನ ಅವರದಲ್ಲ. ಗೂಡಿನ ನೀರು ಎಷ್ಟು ಕಾದಿದೆ ಎಂದು ಬೆರಳಿಟ್ಟು ನೋಡಿಯೇ ಬೆಳೆದವರು. ಲ್ಯಾಬಿಗೆ ಸೆಕೆಂಡ್ ಹ್ಯಾಂಡ್ ಸ್ವಿಚ್ ಬಂದಾಗಲೂ ಹಾಗೆಯೇ. ಎಲ್ಲ ಕಂಪ್ಯೂಟರುಗಳ ಕೇಬಲ್ಲು ಬಂದು ಸೇರುವ ಪೆಟ್ಟಿಗೆ ಅದು. ಎಷ್ಟು ವೇಗದಲ್ಲಿ ಮಾತಾಡಬೇಕು ಎಂಬುದನ್ನು ಸ್ವಿಚ್ಚೂ ಕಂಪ್ಯೂಟರೂ ತಾವೇ ಗೊತ್ತುಮಾಡಿಕೊಳ್ಳುತ್ತವೆ ಎಂದು ನಾನು ಹೇಳಿದರೆ ಆಪಾ ಒಪ್ಪಲೇ ಇಲ್ಲ. ಸ್ವಿಚ್ಚಿನಲ್ಲಿ ವೇಗ ನೂರು, ಫುಲ್ ಡ್ಯೂಪ್ಲೆಕ್ಸ್ ಎಂದು ಕೈಯಾರೆ ಹಾಕಿದರು. ಆಮೇಲೆ ಒಂದೊಂದು ಕಂಪ್ಯೂಟರಿನ ಮುಂದೂ ಕೂತು ಅದನ್ನೇ ಹಾಕಿದರು.

ಡ್ಯೂಪ್ಲೆಕ್ಸ್ ಅಂದರೇನು ಎಂದು ಮಕ್ಕಳು ಕೇಳಿದರೆ ಅವರ ಉತ್ತರ ಸಿದ್ಧವಾಗಿರುತ್ತಿತ್ತು. "ಹಾಫ್ ಅಂದ್ರೆ ಒಬ್ರು ಮಾತಾಡೋವಾಗ ಇನ್ನೊಬ್ರು ಸುಮ್ಕಿರ್ಬೇಕು. ಫುಲ್ ಅಂದ್ರೆ ನಾನೂ ನಮ್ ನಾದ್ನಿನೂ ಕಣಮ್ಮ. ಇಬ್ರೂ ಒಟ್ಗೆ ಮಾತಾಡ್ತೀವಿ, ಇಬ್ರಿಗೂ ಕೇಳ್ತೈತೆ."

ಆ ವರ್ಷ ಕಂಪ್ಯೂಟರ್ ಪರೀಕ್ಷೆಯನ್ನು ನಮ್ಮ ಕೇಂದ್ರದಲ್ಲೇ ನಡೆಸುವ ಯೋಗ ಬಂತು. ಅಲ್ಲಿಯವರೆಗೆ ಬೆಂಗಳೂರಿಗೆ ಹೋಗಿ ಬರೆಯಬೇಕಿತ್ತು. ಎಷ್ಟೋ ಹೆಣ್ಣುಮಕ್ಕಳು ವರ್ಷವಿಡೀ ಕಲಿತು, ಮನೆಯವರು ಅಷ್ಟು ದೂರ ಕಳಿಸದೆ, ಪರೀಕ್ಷೆಯನ್ನೇ ಬಿಡುತ್ತಿದ್ದರು. ಆದರೆ ಒಂದು ಷರತ್ತಿತ್ತು. ತಪಾಸಣೆಯವರು ಬರುವ ಸಂಜೆಯೊಳಗೆ ಎಲ್ಲ ಕಂಪ್ಯೂಟರುಗಳಲ್ಲೂ ಹೊಸ ಆಪರೇಟಿಂಗ್ ಸಿಸ್ಟಮ್ ಇರಬೇಕು, ಇಲ್ಲದಿದ್ದರೆ ಮತ್ತೆ ಬೆಂಗಳೂರೇ ಗತಿ. ನಮ್ಮ ಡಿವಿಡಿ ಡ್ರೈವುಗಳೋ ಅರ್ಧಕ್ಕರ್ಧ ಕೆಟ್ಟಿದ್ದವು. ಹಾಗಾಗಿ ಹೊಸ ಸಿಸ್ಟಮ್ಮಿನ ಫೈಲುಗಳನ್ನೆಲ್ಲ ಒಂದು ಸರ್ವರಿನಲ್ಲಿಟ್ಟು, ಉಳಿದ ಕಂಪ್ಯೂಟರುಗಳು ನೆಟ್‌ವರ್ಕ್ ಮೂಲಕ ಎಳೆದುಕೊಳ್ಳುವಂತೆ ಮಾಡಿದೆವು.

ತಪಾಸಣೆಯ ದಿನ ಬೆಳಿಗ್ಗೆಯೇ ಶುರು ಹಚ್ಚಿಕೊಂಡೆವು. ಇನ್‌ಸ್ಟಾಲಿನ ಮೊದಲ ಪರದೆ ಚಕ್ಕನೆ ಬಂತು. ನಾವು ಕುಣಿಯುವುದೊಂದು ಬಾಕಿ. ಆಮೇಲೆ ದೊಡ್ಡ ಫೈಲುಗಳ ಸರದಿ ಬಂದಾಗ ಎಲ್ಲವೂ ಮುಷ್ಕರ ಹೂಡಿದಂತೆ ನಿಂತವು. ಕೇಬಲ್ಲು ಬದಲಾಯಿಸಿದೆವು, ಸರ್ವರ್ ಆರಿಸಿ ಹಚ್ಚಿದೆವು. ಪಿಂಗ್ ಮಾಡಿ, ಅಂದರೆ ಇದ್ದೀಯಾ ಎಂದು ಕೂಗಿ ನೋಡಿದರೆ ಉತ್ತರ ಬರುತ್ತದೆ, ಕೆಲಸ ಮಾತ್ರ ಆಮೆ ನಡಿಗೆ. ಮಧ್ಯಾಹ್ನ ದಾಟಿತು. ನನಗೆ ಅಳುವೇ ಬಂದಿತ್ತು. ಆಪಾ ಊಟದ ಡಬ್ಬಿ ತೆರೆದಿರಲಿಲ್ಲ.

ಇದ್ದಕ್ಕಿದ್ದಂತೆ ಅವರು ಹಣೆ ಚಚ್ಚಿಕೊಂಡರು. "ಅಯ್ಯೋ ನನ್ ಬುದ್ಧಿಗಿಷ್ಟು... ನಾನ್ ಹಾಕಿದ್ದು ಹಳೇ ಸಿಸ್ಟಮ್ಮಲ್ಲಿ ಕಣಮ್ಮ. ಈಗ ಎದ್ದಿರೋದು ಹೊಸುದು. ಅದುಕ್ಕೇನ್ ಗೊತ್ತು ನನ್ ಲೆಕ್ಕ?"

ಆಗ ನನಗೂ ಹೊಳೆಯಿತು. ಸ್ವಿಚ್ಚು ಆಪಾ ಹೇಳಿದ ಮಾತಿಗೆ ಕಟ್ಟುಬಿದ್ದು ಫುಲ್‌ನಲ್ಲೇ ಕೂತಿದೆ. ಇನ್‌ಸ್ಟಾಲರ್ ವೇಗವೇನೋ ಕಂಡುಕೊಂಡಿದೆ, ಆದರೆ ಡ್ಯೂಪ್ಲೆಕ್ಸ್ ಕೇಳಿದ್ದಕ್ಕೆ ಸ್ವಿಚ್ಚಿನಿಂದ ಉತ್ತರ ಸಿಗದೆ ತಾನೇ ಹಾಫ್‌ಗೆ ಇಳಿದಿದೆ. ಸಣ್ಣಪುಟ್ಟ ಮಾತು ಹೇಗೋ ದಾಟುತ್ತದೆ, ದೊಡ್ಡದು ಡಿಕ್ಕಿ ಹೊಡೆದು ಬೀಳುತ್ತದೆ. ಹಾಗಾದರೆ ಸ್ವಿಚ್ಚನ್ನೇ ಸಡಿಲಿಸೋಣ ಎಂದೆ. ಅದರ ಪಾಸ್‌ವರ್ಡು ಇಟ್ಟ ಆಪಾಗೇ ಮರೆತುಹೋಗಿತ್ತು. ಅಂಥ ಹೊತ್ತಿನಲ್ಲೂ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಆಪಾ ಒಂದು ಕಂಪ್ಯೂಟರನ್ನು ಮತ್ತೆ ಹಚ್ಚಿದರು. ಇನ್‌ಸ್ಟಾಲ್ ಶುರುವಾಗುವ ಮುಂಚೆ ಪರದೆಯಲ್ಲಿ ಬರುವ ಆದೇಶದ ಸಾಲಿನ ಕೊನೆಗೆ ತಾನಾಗಿ ಗೊತ್ತುಮಾಡಿಕೊಳ್ಳುವುದು ಬೇಡ, ವೇಗ ನೂರು, ಡ್ಯೂಪ್ಲೆಕ್ಸ್ ಫುಲ್ ಎಂದು ಸೇರಿಸಿ ಎಂಟರ್ ಒತ್ತಿದರು. ನಾವಿಬ್ಬರೂ ಪರದೆಯತ್ತ ಬಾಗಿದೆವು. ಕೆಲಸ ಎಷ್ಟಾಯಿತೆಂದು ತೋರಿಸುವ, ಅಲ್ಲಿಯವರೆಗೆ ನಿಂತಲ್ಲೇ ನಿಂತಿದ್ದ ನೀಲಿ ಪಟ್ಟಿ ಓಡಿತು ನೋಡಿ, ಲಗಾಮು ಬಿಚ್ಚಿದ ಹಾಗೆ. ಅದೇ ಸಾಲನ್ನು ಸರ್ವರಿನಲ್ಲೂ ಬರೆದು ಎಲ್ಲ ಕಂಪ್ಯೂಟರುಗಳನ್ನೂ ಒಟ್ಟಿಗೆ ಹಚ್ಚಿದೆವು. ಪರದೆ ಪರದೆಯಲ್ಲೂ ಪಟ್ಟಿ ಓಡತೊಡಗಿತು. ನಾವು ಕೈ ಕೈ ಹಿಡಿದು ಕುಣಿದ ಸದ್ದಿಗೆ ಕೆಳಗಿನ ನೂಲಿನವರು ಏನು ಬಿತ್ತೋ ಎಂದು ಮೇಲೆ ಓಡಿ ಬಂದರು. ಅಂಥ ಖುಷಿ ನನ್ನ ಮದುವೆಯ ದಿನವೂ ಆಗಿರಲಿಲ್ಲ, ಯಜಮಾನರು ಓದಿದರೆ ಓದಲಿ.

ತಪಾಸಣೆಯವರು ಬಂದರು, ನೋಡಿದರು, ಒಪ್ಪಿದರು.

ಪರೀಕ್ಷೆಯ ದಿನ ಆಪಾ ಹೊಸ ಸಲ್ವಾರ್ ಹಾಕಿಕೊಂಡು ಬಂದು ಲ್ಯಾಬಿನ ಕೀಲಿ ನನ್ನ ಕೈಗಿಟ್ಟರು. "ಇವತ್ತು ಇದು ನಿನ್ ತಾವೇ ಇರ್ಲಿ. ನಾನ್ ಬರೆಯಕ್ ಬಂದಿವ್ನಿ." ಹುಡುಗಿಯಾಗಿದ್ದಾಗ ಟೈಪಿಂಗ್ ಪರೀಕ್ಷೆಗೆ ಅವರನ್ನು ಬೆಂಗಳೂರಿಗೆ ಕಳಿಸಿರಲಿಲ್ಲವಂತೆ. ಪರೀಕ್ಷೆಯವರ ಹತ್ತಿರ ಮೊದಲೇ ಹೇಳಿ ಒಪ್ಪಿಗೆ ಪಡೆದಿದ್ದರು, ನನಗೆ ಮಾತ್ರ ಸುಳಿವು ಕೊಟ್ಟಿರಲಿಲ್ಲ. ಮಕ್ಕಳ ನಡುವೆ ಕೂತು ಬರೆದರು. ಫಲಿತಾಂಶಕ್ಕೂ ಕಾಯದೆ ಅಂದೇ ಬೀದಿಗೆಲ್ಲ ಮೈಸೂರುಪಾಕು ಹಂಚಿಬಿಟ್ಟರು. ಪುಣ್ಯಕ್ಕೆ ಪಾಸಾದರು...

ಆಮೇಲೆ ಕೇಂದ್ರ ಬಸ್ ಸ್ಟ್ಯಾಂಡಿನ ಹತ್ತಿರದ ಹೊಸ ಕಟ್ಟಡಕ್ಕೆ ಬಂತು. ಆಪಾ ಕಾಯಿಲೆ ಬಿದ್ದರು, ಹೆಚ್ಚು ದಿನ ನರಳಲಿಲ್ಲ. ಈಗಿನ ಸ್ವಿಚ್ಚುಗಳು ತಮ್ಮ ಪಾಡು ತಾವೇ ನೋಡಿಕೊಳ್ಳುತ್ತವೆ.

ಹೋದ ತಿಂಗಳು ಪರೀಕ್ಷೆ ಮುಗಿಸಿ ಹೊರಟ ಹೊಂಗನೂರಿನ ಹುಡುಗಿಯೊಬ್ಬಳು ಸುಮ್ಮನೆ ಕೇಳಿದಳು. "ಮೊದ್ಲು ಇದುಕ್ಕೆ ಬೆಂಗ್ಳೂರ್‌ಗೋಗ್ಬೇಕಿತ್ತಂತಲ್ಲ ಮೇಡಂ, ಇಲ್ಲಿಗೆಂಗ್ ಬಂತು?"

ನನಗೆ ಎಲ್ಲಿಲ್ಲದ ಉತ್ಸಾಹ ಬಂತು. ಆಪಾ, ಸ್ವಿಚ್ಚು, ಮರೆತ ಪಾಸ್‌ವರ್ಡು ಎಂದು ಶುರು ಮಾಡಿದೆ. ಅಷ್ಟರಲ್ಲಿ "ಬಸ್ ಬಂತು, ಬತ್ತೀನಿ ಮೇಡಂ" ಎಂದು ಅವಳು ಓಡಿದಳು. ಓಡಲಿ, ಮನೆಗೆ ಹೋಗಿ ಊಟ ಮಾಡಲಿ, ಆಪಾ ಪಟ್ಟ ಪಾಡೆಲ್ಲ ಅದಕ್ಕೇ ತಾನೆ. ಆದರೆ ಆಪಾ ಇದ್ದಿದ್ದರೆ ಆ ಬಸ್ಸನ್ನೇ ತಡೆದು ನಿಲ್ಲಿಸಿ, ಕಂಡಕ್ಟರನಿಗೂ ಸೇರಿಸಿ ಫುಲ್ ಡ್ಯೂಪ್ಲೆಕ್ಸ್ ವಿವರಿಸಿಯೇ ಬಿಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಬಸ್ಸು ಹೋಗುವುದನ್ನು ನೋಡಿದೆ.